ತ್ರ್ಯಂಬಕ ಸರ್ ಲ್ಯಾಪ್‌ಟಾಪಿನ ಬಿಸಿ

ಜನರ ಲ್ಯಾಪ್‌ಟಾಪ್ ಬಿಚ್ಚುವುದು ನನ್ನ ಹೊಟ್ಟೆಪಾಡು. ಹೊರಗಿನಿಂದ ನೋಡಿದರೆ ಎಲ್ಲವೂ ಚೆಂದ. ಕೆಳಗಿನ ಮುಚ್ಚಳ ತೆಗೆದರೆ ವಾಕರಿಕೆ. ಫ್ಯಾನಿಗೆ ಸುತ್ತಿಕೊಂಡ ತಲೆಗೂದಲು, ಚುರಮುರಿ ಚೂರು, ಜಿರಲೆ ಮೊಟ್ಟೆ, ಗುಟ್ಕಾ ಪುಡಿ. ಒಬ್ಬ ಪುಣ್ಯಾತ್ಮನ ಕೀಬೋರ್ಡಿನ ಕೆಳಗೆ ಕತ್ತರಿಸಿದ ಉಗುರು ಸಿಕ್ಕಿದ್ದವು, ಅದೂ ಕಾಲಿನವು. ಥೂ! ಇಂಥವರೇ ಅಂಗಡಿ ಮುಂದೆ ನಿಂತು, “ಮಶಿನ್ ಯಾಕ ಕಾಯಾಕ ಹತ್ತೇತ್ರಿ ಮೇಡಂ, ಕಂಪನಿ ಮಾಲೇ ಸರಿ ಇಲ್ಲೇನು?” ಎಂದು ನನ್ನನ್ನೇ ಜಬರಿಸುತ್ತಾರೆ.

ಸವದತ್ತಿಯಲ್ಲಿ ಈ ಹೊಲಸಿನ ಜೊತೆಗೆ ಭಂಡಾರವೂ ಸೇರಿಕೊಳ್ಳುತ್ತದೆ. ಗುಡ್ಡದ ಎಲ್ಲಮ್ಮನ ಅರಿಶಿನ ಈ ಊರಿನ ಗಾಳಿಯಲ್ಲೇ ಇದೆ. ಬಸ್ ಸೀಟಿನಲ್ಲಿ, ಅಂಗಡಿಯ ಗಲ್ಲೆಯಲ್ಲಿ, ನೋಟಿನ ಮಡಿಕೆಯಲ್ಲಿ, ಎಲ್ಲಿ ಕೈಯಿಟ್ಟರೂ ಬೆರಳು ಹಳದಿ. ಹೊಸ ಲ್ಯಾಪ್‌ಟಾಪ್ ಕೊಂಡವರು ಮೊದಲು ಅದನ್ನು ಗುಡ್ಡಕ್ಕೆ ಒಯ್ಯುತ್ತಾರೆ, ಮೇಲೊಂದು ಮುಷ್ಟಿ ಭಂಡಾರ ಹಾರಿಸಿ ತರುತ್ತಾರೆ. ಕೆಲವು ತಿಂಗಳಲ್ಲಿ ಫ್ಯಾನು ಗೊರಗೊರ ಅನ್ನತೊಡಗಿದಾಗ ನನ್ನ ನೆನಪಾಗುತ್ತದೆ. ಹಾಗಾಗಿ ಯಾವ ಯಂತ್ರದ ಹೊಟ್ಟೆಯಲ್ಲಿ ಹಳದಿ ಕಂಡರೂ ನಾನು ಎರಡನೇ ಸಲ ಯೋಚಿಸುತ್ತಿರಲಿಲ್ಲ. ತ್ರ್ಯಂಬಕ ಸರ್ ವಿಷಯದಲ್ಲಿ ನನ್ನ ಬುದ್ಧಿ ಕೈಕೊಟ್ಟಿದ್ದು ಅಲ್ಲಿಯೇ.

ನಾನು ಪ್ರಜ್ಞಾ. ಅಪ್ಪ ಕಾಡಪ್ಪ ನವಿಲುತೀರ್ಥ ಅಣೆಕಟ್ಟಿನ ಕಾಲುವೆಗಳ ಮೇಲೆ ಗ್ಯಾಂಗಿನ ಕೆಲಸ ಮಾಡಿ ನಿವೃತ್ತರಾದವರು. ಊರಿನ ಬಾವಿಗೆ ನಮ್ಮವರನ್ನು ಬಿಡದಿದ್ದ ಕಾಲದಲ್ಲಿ ನಮ್ಮಜ್ಜ ಸಿಟ್ಟಾಗಿ ಬೌದ್ಧನಾದ. ಈಗ ನಮ್ಮ ಮನೆಯಲ್ಲಿ ನಳ ಇದೆ, ಬುದ್ಧನ ಮೂರ್ತಿ ಇದೆ. ನಾವು ಯಾವ ಓಣಿಯವರೆಂಬುದು ಊರಿಗೆಲ್ಲ ನೆನಪೂ ಇದೆ.

ತ್ರ್ಯಂಬಕ ಸರ್ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದವರು. ಪೂಜಾರಿಕೆಯ, ಶಾಸ್ತ್ರ ಓದಿಕೊಂಡ ಮನೆತನ. ಕೋಟೆಯ ಹಿಂದಿನ ಓಣಿಯಲ್ಲಿ ಹಳೆಯ ಮನೆ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ನೀಲಿ ಸ್ಕೂಟರ್. ದನಿ ಅಂದರೆ ದನಿ! ಕೊನೆಯ ಬೆಂಚಿನಲ್ಲಿ ತೂಕಡಿಸುವವನೂ ಎದ್ದು ಕೂರಬೇಕು. ವಚನ ಹೇಳುವಾಗ ಕಣ್ಣು ಒದ್ದೆಯಾಗುತ್ತಿದ್ದವು. “ಮನುಷ್ಯಾಗ ಮನುಷ್ಯಾನೇ ಮೈಲಿಗಿ ಅಂದ್ರ ಅದು ಹುಚ್ಚು ನೋಡ್ರಿ, ಅದಕ್ಕ ಡಾಕ್ಟರ್ ಕಡೆ ಹೋಗಬೇಕು,” ಎಂದು ಟೇಬಲ್ ಕುಟ್ಟಿ ಹೇಳಿದ್ದರು ಒಮ್ಮೆ. ಆ ದಿನ ನಾನು ಮನೆಗೆ ಕುಣಿಯುತ್ತ ಬಂದಿದ್ದೆ.

ಅವರು ನನಗೆ ಮಾಡಿದ ಉಪಕಾರ ಸಣ್ಣದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತನೇ ಇಯತ್ತೆ ಮುಗಿದ ಮೇಲೆ ಅಪ್ಪ ನನ್ನನ್ನು ಹೊಲಿಗೆ ಕ್ಲಾಸಿಗೆ ಹಾಕಬೇಕೆಂದಿದ್ದರು. ಸುದ್ದಿ ಕೇಳಿ ಸರ್ ಸ್ಕೂಟರ್ ಮೇಲೆ ನಮ್ಮ ಓಣಿಗೇ ಬಂದರು. “ಕಾಡಪ್ಪ, ಈ ಹುಡುಗಿ ತಲೀ ಮಸ್ತ್ ಅದ. ಡಿಪ್ಲೊಮಾ ಮಾಡಸು. ಹೊಲಗೀ ಆಮ್ಯಾಲೆ ನೋಡೋಣಂತ,” ಎಂದರು. ಅವ್ವ ಓಡಿ ಹೋಗಿ ಚಹಾ ತಂದಳು. “ಇವತ್ತ ಏಕಾದಶಿವಾ, ನೀರೂ ಮುಟ್ಟೂದಿಲ್ಲ,” ಎಂದು ಕೈ ಮುಗಿದರು. ಅವ್ವನಿಗೆ ಎಷ್ಟು ಹೆಮ್ಮೆ! ಎಂಥ ನೇಮದ ಮನುಷ್ಯ ನಮ್ಮ ಮನೆಗೆ ಬಂದರಲ್ಲ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಡಿಪ್ಲೊಮಾ ಆಯಿತು. ಬೆಳಗಾವಿಯ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ರಿಪೇರಿ ಅಂದುಕೊಂಡು ಹೋದರೆ, ಬಾಗಿಲಲ್ಲಿ ನಿಂತು “ಬರ್ರಿ ಸರ್, ಬರ್ರಿ ಮೇಡಂ” ಎಂದು ಹಲ್ಲು ಕಿರಿಯುವ ಕೆಲಸ. ಅದೂ ಒಂದು ಬಾಳೇನು! ಬಿಟ್ಟು ಬಂದು ಇಲ್ಲಿ ಬಸ್ ನಿಲ್ದಾಣದ ಹಿಂದೆ ಸಣ್ಣ ಅಂಗಡಿ ಹಾಕಿದೆ. ಉದ್ಘಾಟನೆಗೆ ಸರ್ ಅವರನ್ನೇ ಕರೆದಿದ್ದೆ. ರಿಬ್ಬನ್ ಕತ್ತರಿಸಿದರು, ಚೆನ್ನಾಗಿ ಮಾತಾಡಿದರು. ಪೇಢೆ ಕೊಟ್ಟರೆ, “ಶುಗರ್ ಅದ,” ಎಂದರು.

ನಿವೃತ್ತಿಯಾದ ಮೇಲೆ ಸರ್ ಯೂಟ್ಯೂಬ್ ಚಾನೆಲ್ ಶುರು ಮಾಡಿದರು. ಕಿತ್ತೂರಿನ ಕಥೆ, ನವಿಲುತೀರ್ಥದ ಕಥೆ, ವಚನಗಳ ಅರ್ಥ. ದನಿ ಇತ್ತಲ್ಲ, ಜನ ಕೇಳಿದರು. ವಿಡಿಯೋ ಕತ್ತರಿಸಿ ಜೋಡಿಸುವುದನ್ನೂ ತಾವೇ ಕಲಿತರು, ಆ ವಯಸ್ಸಿನಲ್ಲಿ! ಮಗ ಅನಿಕೇತ ಅವರಿಗೊಂದು ಹೊಸ ಲ್ಯಾಪ್‌ಟಾಪ್ ಕೊಡಿಸಿದ. ಕಳೆದ ದೀಪಾವಳಿ ಮುಗಿದ ಮೇಲೆ ಸರ್ ಅದನ್ನು ಹಿಡಿದುಕೊಂಡು ಅಂಗಡಿಗೆ ಬಂದರು.

“ಏನವಾ ಪ್ರಜ್ಞಾ, ತೊಡೀ ಮ್ಯಾಲೆ ಇಟ್ಟುಕೊಂಡ್ರ ಚರ್ಮ ಸುಡ್ತದ. ನಡಬರಕ ತಾನ ಬಂದ್ ಬೀಳ್ತದ. ನೋಡು ಒಂಚೂರು.”

ಮೊದಲ ಸಲ ರೋಗ ಸುಲಭದ್ದಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಏನೂ ಮಾಡದೆಯೇ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು. ಎರಡು ಆಂಟಿವೈರಸ್ ಒಂದನ್ನೊಂದು ಕಳ್ಳ ಎಂದು ಹಿಡಿಯುತ್ತ ಕೂತಿದ್ದವು. ಬ್ರೌಸರಿನಲ್ಲಿ ತಿಂಗಳ ಹಿಂದಿನ ಪುಟಗಳೆಲ್ಲ ತೆರೆದೇ ಇದ್ದವು. ಬೇಡದ್ದನ್ನು ಕಿತ್ತೆ, ಆನ್ ಮಾಡಿದೊಡನೆ ತಾನೇ ಏಳುವ ಪ್ರೋಗ್ರಾಮುಗಳನ್ನು ಮಲಗಿಸಿದೆ. ಕೆಳಗಿನ ಮುಚ್ಚಳ ತೆಗೆದು ಧೂಳು ಹೊಡೆದೆ, ಪ್ರೊಸೆಸರಿನ ಬಿಸಿ ಎಳೆಯುವ, ಒಣಗಿಹೋಗಿದ್ದ ಪೇಸ್ಟ್ ಕೆರೆದು ಹೊಸದು ಹಚ್ಚಿದೆ. ಲ್ಯಾಪ್‌ಟಾಪ್ ತಣ್ಣಗಾಯಿತು. ಮನೆಗೆ ಒಯ್ದು ಕೊಟ್ಟೆ. ಸರ್ ಹೊರಗಿನ ಕಟ್ಟೆ ತೋರಿಸಿ, “ಇಲ್ಲೇ ಇಡವಾ, ತಗೊಳ್ತೇನಿ,” ಎಂದರು. ಊರೆಲ್ಲ ನನ್ನನ್ನು ಹೊಗಳಿಕೊಂಡು ತಿರುಗಿದರು.

ಒಂದು ವಾರಕ್ಕೆ ಅದು ವಾಪಸು ಬಂತು, ಮೊದಲಿಗಿಂತ ಹೆಚ್ಚು ಬಿಸಿ. ಪ್ರೋಗ್ರಾಮುಗಳೆಲ್ಲ ನಾನು ಬಿಟ್ಟ ಹಾಗೆಯೇ ಇದ್ದವು. ಮುಚ್ಚಳ ತೆಗೆದೆ. ಫ್ಯಾನಿನ ಗಾಳಿ ಹೊರಹೋಗುವ ತಾಮ್ರದ ಜಾಲರಿಗೆ ಹಳದಿ ಮತ್ತು ಬಿಳಿ ಹೆಪ್ಪು, ಅಂಟಂಟು. ಅದೇ ಭಂಡಾರ, ಇನ್ನೇನು!

“ಸರ, ಮತ್ತ ಗುಡ್ಡಕ್ಕ ಒಯ್ದಿದ್ರೇನ್ರಿ ಇದನ್ನ?”

ಸರ್ ನಕ್ಕರು. “ಭಂಡಾರ ಇಲ್ಲದ ಸವದತ್ತಿ ಎಲ್ಲದವಾ?”

ತೊಳೆದು ಕೊಟ್ಟೆ. ಮತ್ತೆ ಬಂತು. ಈ ಸಲ ಒಳಗಿನಿಂದ ಗಬ್ಬು ನಾತ, ಕಾಯುತ್ತಿದ್ದ ಹಾಗೆ ಇನ್ನೂ ಜೋರಾಗುವ ಚುರುಚುರು ನಾತ. “ಮನ್ಯಾಗ ಇಲಿ ಅದಾವೇನ್ರಿ ಸರ? ಒಳಗ ಉಚ್ಚಿ ಹೊಯ್ದಂಗ ಕಾಣತೈತಿ,” ಎಂದೆ. “ಇರಬಹುದವಾ, ಹಳೀ ಮನಿ,” ಎಂದರು. ಅಂದು ಕರೆಂಟ್ ಇರಲಿಲ್ಲ, ನನ್ನ ಬ್ಲೋವರ್ ನಡೆಯುವಂತಿರಲಿಲ್ಲ. ಆ ಜಾಲರಿಗೆ ಬಾಯಿಟ್ಟು ಊದಿದೆ. ಪುಡಿ ತಿರುಗಿ ಮುಖಕ್ಕೆ ಹಾರಿತು. ತುಟಿ ಸವರಿಕೊಂಡರೆ ಉಪ್ಪುಪ್ಪು. ಇಲಿಯದ್ದೇ ಎಂದುಕೊಂಡು ಬಚ್ಚಲಿಗೆ ಓಡಿ ಹೋಗಿ ಉಗುಳಿದೆ.

ಇಷ್ಟರಲ್ಲಿ ಕಾಲೇಜಿನ ವಿಷಯ ಬಂತು. ಊರಾಚೆ ಒಂದು ಖಾಸಗಿ ಕಾಲೇಜಿದೆ. ಅದರ ಲ್ಯಾಬಿನ ಕಂಪ್ಯೂಟರುಗಳನ್ನೆಲ್ಲ ವರ್ಷವಿಡೀ ನೋಡಿಕೊಳ್ಳುವ ಕೆಲಸಕ್ಕೆ ಆಳು ಬೇಕಾಗಿತ್ತು. ಸರ್ ಆ ಕಾಲೇಜಿನ ಕಮಿಟಿಯಲ್ಲಿದ್ದರು, ನನ್ನ ಹೆಸರು ಹೇಳಿದ್ದರು. ಆ ಕೆಲಸ ಸಿಕ್ಕರೆ ನನ್ನ ಅಂಗಡಿ ಉಳಿಯುತ್ತಿತ್ತು. ಸಿಗದಿದ್ದರೆ ಬಾಗಿಲು ಹಾಕಿ ಮತ್ತೆ ಬೆಳಗಾವಿಗೆ ಹೋಗಿ ಹಲ್ಲು ಕಿರಿಯಬೇಕಿತ್ತು. ಅಂಗಡಿಯ ಮಾಲೀಕ ಆ ಜಾಗವನ್ನು ಮೊಬೈಲಿನವನಿಗೆ ಕೊಡಲು ತುದಿಗಾಲಲ್ಲಿ ನಿಂತಿದ್ದ. ಆದರೆ ಕಮಿಟಿಯ ಅಧ್ಯಕ್ಷ ರಾಯಪ್ಪ ಎಣ್ಣೆ ಗಿರಣಿ ನಡೆಸುವ ಮನುಷ್ಯ, ಬಾಯಿ ಬಹಳ. ಸರ್ ಲ್ಯಾಪ್‌ಟಾಪ್ ಮೀಟಿಂಗಿನಲ್ಲೇ ಒಮ್ಮೆ ಬಂದ್ ಬಿದ್ದಾಗ ಆತ ಎಲ್ಲರೆದುರು, “ಮಾಸ್ತರ, ನಿಮ್ಮದೊಂದು ಮಶಿನ್ ತಂಪು ಮಾಡಾಕ ಆಗವಲ್ದು ಆ ಹುಡುಗೀಗಿ. ಲ್ಯಾಬ್ ಕೊಟ್ರ ಕಾಲೇಜಿಗೇ ಬೆಂಕಿ ಹಚ್ಚತಾಳೇನು?” ಎಂದು ನಕ್ಕನಂತೆ. ಇದನ್ನು ಸರ್ ಅವರೇ ನನಗೆ ಬೇಸರದಿಂದ ಹೇಳಿದರು.

“ಸೋಮವಾರ ಕಮಿಟಿ ಕೂಡತದ. ಅಷ್ಟರಾಗ ಇದನ್ನ ಛಲೋ ಮಾಡವಾ. ನಿನ್ನ ಸಲುವಾಗಿ ಹೇಳ್ಲಿಕ್ಕೆ ಹತ್ತೇನಿ.”

ನನಗೆ ಹಟ ಹಿಡಿಯಿತು. ಫ್ಯಾನನ್ನೇ ಬದಲಿಸಿದೆ. ಜಾಲರಿಯ ಎಳೆ ಎಳೆಯನ್ನೂ ಬ್ರಶ್ ಹಾಕಿ ತಿಕ್ಕಿದೆ. ಇಡೀ ದಿನ ಅದರ ಮೇಲೆ ಸರ್ ವಿಡಿಯೋಗಳನ್ನೇ ಓಡಿಸಿ ನೋಡಿದೆ. ಸರ್ ಪರದೆಯ ಮೇಲೆ ಮೈಲಿಗೆ ಎಂಬ ಹುಚ್ಚಿನ ಬಗ್ಗೆ ಮಾತಾಡುತ್ತಲೇ ಇದ್ದರು, ಯಂತ್ರ ತಣ್ಣಗೇ ಇತ್ತು. ಗೆದ್ದೆ ಎಂದುಕೊಂಡು ಶುಕ್ರವಾರ ಬೆಳಿಗ್ಗೆ ಒಯ್ದು ಕಟ್ಟೆಯ ಮೇಲೆ ಇಟ್ಟು ಬಂದೆ. ಓಣಿಯ ತುದಿಗೆ ಬಂದಾಗ ಚಾರ್ಜರ್ ಕೊಡುವುದು ಮರೆತದ್ದು ನೆನಪಾಯಿತು. ತಿರುಗಿ ಹೋದೆ.

ಬಾಗಿಲು ತೆರೆದೇ ಇತ್ತು. ಒಳಗಿನ ಅಂಗಳದಲ್ಲಿ ಲ್ಯಾಪ್‌ಟಾಪ್ ಅಡಿಮೇಲಾಗಿ ಒಂದು ಮಣೆಯ ಮೇಲಿತ್ತು. ಸರ್ ಮಡಿ ಉಟ್ಟು ಅದರ ಮುಂದೆ ಕೂತಿದ್ದರು. ಎಡಗೈಯಲ್ಲಿ ತಾಮ್ರದ ತಂಬಿಗೆ, ಬಲಗೈಯಲ್ಲಿ ತುಳಸಿ ಕಡ್ಡಿ. ಬಾಗಿಲಿಗೇ ಬಂದ ನಾತ ಹೇಳಿತು, ತಂಬಿಗೆಯಲ್ಲಿ ಗೋಮೂತ್ರ, ಅದಕ್ಕೆ ಕಲಸಿದ ಅರಿಶಿನ. ಮಂತ್ರ ಹೇಳುತ್ತ ಅದ್ದಿ ಅದ್ದಿ ಚಿಮುಕಿಸುತ್ತಿದ್ದರು, ನೆಟ್ಟಗೆ ಗಾಳಿಯ ಕಿಂಡಿಗಳ ಮೇಲೆ. ಅವರ ಹೆಂಡತಿ ಯಮುನಾಬಾಯಿ ಪಕ್ಕದಲ್ಲಿ ನಿಂತು, “ಸಾಕ್ರೀ ಇನ್ನ, ಅದು ಕರೆಂಟಿಂದು,” ಎನ್ನುತ್ತಿದ್ದರು.

ನನಗೆ ಮೊದಲು ನೆನಪಾದದ್ದು ನನ್ನ ತುಟಿಯ ಮೇಲಿನ ಆ ಉಪ್ಪು. ಇಲಿ ಅಂದುಕೊಂಡಿದ್ದೆನಲ್ಲ! ಅಂಗೈಯಿಂದ ತುಟಿ ಒರೆಸಿಕೊಂಡೆ.

“ಏನ್ ಮಾಡಾಕ ಹತ್ತೀರಿ ಸರ?”

ಸರ್ ಬೆಚ್ಚಿದರು. ತಂಬಿಗೆ ಕೆಳಗಿಟ್ಟರು, ಆಮೇಲೆ ನಕ್ಕರು. ಆ ನಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. “ಏನಿಲ್ಲವಾ. ಹಿರಿಯಾರ ಪದ್ಧತಿ. ಹೊರಗಿಂದ ಬಂದದ್ದಕ್ಕೆಲ್ಲಾ ಮಾಡ್ತೇವಿ. ನಿನಗ ಏನೂ ಸಂಬಂಧ ಇಲ್ಲ ಇದಕ್ಕ.”

“ಅನಿಕೇತ ಇದನ್ನ ಹೊರಗಿಂದನ ತಂದನಲ್ರಿ, ಹೊಸಾದು. ಆವಾಗೂ ಹಿಂಗ ಮಾಡಿದ್ರೇನು?”

ಸರ್ ಬಾಯಿ ತೆರೆಯುವ ಮೊದಲೇ ಯಮುನಾಬಾಯಿ ಉತ್ತರ ಕೊಟ್ಟರು. ಆಕೆಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. “ಇಲ್ಲವಾ, ಆವಾಗ ಕುಂಕುಮ ಹಚ್ಚಿ ಆರತಿ ಮಾಡಿದ್ವಿ.”

ನಾನು ಮುಟ್ಟಿ ತಂದಾಗಲೆಲ್ಲ ಅವರು ತೊಳೆದಿದ್ದರು. ತೊಳೆದಾಗಲೆಲ್ಲ ಅದು ಕಾದಿತ್ತು, ಕಾದಾಗಲೆಲ್ಲ ಅದನ್ನು ನನ್ನ ಕೈಗೇ ಕೊಟ್ಟಿದ್ದರು. ಅವ್ವನ ಚಹಾ, ಅಂಗಡಿಯ ಪೇಢೆ, ಏಕಾದಶಿ, ಶುಗರ್, ಎಲ್ಲವೂ ಒಂದೇ ಏಟಿಗೆ ತಲೆಗೆ ಬಂದವು. ಯಮುನಾಬಾಯಿಯ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ಆಕೆ ಎಂದೂ ಟೇಬಲ್ ಕುಟ್ಟಿ ಭಾಷಣ ಮಾಡಿದವರಲ್ಲ, ನನ್ನನ್ನು ಕಂಡರೆ ಸೀದಾ ದೂರ ಸರಿಯುತ್ತಿದ್ದರು. ಆದರೆ ಈ ಮನುಷ್ಯ! ಕಣ್ಣೀರು ಹಾಕಿಕೊಂಡು ವಚನ ಹೇಳಿದ ಮನುಷ್ಯ!

“ತಪ್ಪು ತಿಳೀಬ್ಯಾಡ,” ಎಂದರು ಸರ್, ದನಿ ತಗ್ಗಿಸಿ. “ನೀ ನನಗ ಶ್ರದ್ಧಾ ಇದ್ದಂಗ.” ಶ್ರದ್ಧಾ ಅವರ ಮಗಳು, ನನ್ನದೇ ವಯಸ್ಸು.

“ಶ್ರದ್ಧಾ ಮುಟ್ಟಿದ ಮ್ಯಾಲೂ ಇದನ್ನ ಹೊಯ್ತೀರೇನ್ರಿ?”

ಸರ್ ಎದ್ದು ಬಾಗಿಲ ತನಕ ಬಂದರು, ಯಮುನಾಬಾಯಿಗೆ ಕೇಳದಂತೆ ಹೇಳಿದರು. “ಸೋಮವಾರ ರಾಯಪ್ಪ ಕೇಳ್ತಾನ, ಮಶಿನ್ ಯಾಕ ಕಾಯ್ತಿತ್ತು ಅಂತ. ಧೂಳಾ ಅಂತ ಹೇಳಿಬಿಡು. ಉಳದದ್ದು ನನಗ ಬಿಡು. ಲ್ಯಾಬು ನಿನಗ ಬಂತು ಅಂತ ತಿಳಕೋ.” ಚಾರ್ಜರನ್ನು ಅವರ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಇಟ್ಟೆ. ಇಲ್ಲದಿದ್ದರೆ ಅದಕ್ಕೂ ತಂಬಿಗೆ ಬರುತ್ತಿತ್ತು.

ಮನೆಗೆ ಹೋಗಿ ಸಾಬೂನು ಹಚ್ಚಿ ಹಚ್ಚಿ ಕೈ, ಮುಖ, ಬಾಯಿ ತೊಳೆದೆ. ಅಪ್ಪ ಎಲ್ಲ ಕೇಳಿಸಿಕೊಂಡರು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅದೇ ನನಗೆ ಇನ್ನಷ್ಟು ಹೇಸಿಗೆ ತಂದಿತು.

“ನಿನಗ ಗೊತ್ತಿತ್ತೇನಪಾ?” ಎಂದೆ.

“ಅವತ್ತ ಏಕಾದಶಿ ಇರಲಿಲ್ಲಂತ ನನಗ ಗೊತ್ತಿಲ್ಲೇನು? ಅವಾ ಬಂದು ಹೇಳಿದ್ದಕ್ಕ ನೀ ಸಾಲಿ ಕಲತಿ. ಅಷ್ಟು ಸಾಕು ಅಂದ್ಕೊಂಡೆ. ಈಗೂ ಅಷ್ಟ ಅಂದ್ಕೋ. ಧೂಳಾ ಅಂದ್ರ ಏನ ಗಂಟು ಹೋಗತೈತಿ? ಅಂಗಡಿ ಉಳೀತೈತಿ.”

ಶನಿವಾರ, ಭಾನುವಾರ ನಾನು ಅಂಗಡಿಯಲ್ಲಿ ಕೂತು ಆ ಒಂದೇ ಶಬ್ದವನ್ನು ಬಾಯಲ್ಲಿ ಆಡಿಸಿ ನೋಡಿದೆ. ಧೂಳು. ಹೇಳಲು ಏನೂ ಕಷ್ಟವಿಲ್ಲ, ದಿನಾ ಹೇಳುವ ಮಾತೇ. ಮಾಲೀಕ ಬಂದು ಅಳತೆ ಟೇಪು ಹಿಡಿದು ಗೋಡೆ ಅಳೆದು ಹೋದ. ಭಾನುವಾರ ಸಂಜೆಯ ಹೊತ್ತಿಗೆ ಧೂಳು ಎಂದೇ ಹೇಳುವುದೆಂದು ನಿರ್ಧರಿಸಿಬಿಟ್ಟೆ. ಸುಳ್ಳೇಕೆ, ಅಂಗಡಿ ನನಗೆ ಬೇಕಾಗಿತ್ತು.

ಸೋಮವಾರ ಕಾಲೇಜಿನ ಮೀಟಿಂಗ್ ಕೋಣೆಯಲ್ಲಿ ಉದ್ದನೆಯ ಟೇಬಲ್ಲಿನ ಸುತ್ತ ಕಮಿಟಿಯವರು ಕೂತಿದ್ದರು. ನಡುವೆ ಸರ್ ಲ್ಯಾಪ್‌ಟಾಪ್ ಇತ್ತು. ಶುಕ್ರವಾರದ ಸ್ನಾನದ ಪ್ರಭಾವ, ಅದು ಮತ್ತೆ ಕಾಯತೊಡಗಿತ್ತು. ಹೊಸ ಫ್ಯಾನು ಕಿರ್ರೆನ್ನುತ್ತಿತ್ತು. ಸರ್ ನನ್ನ ಕಡೆ ನೋಡಿ ಸಣ್ಣಗೆ ತಲೆ ಆಡಿಸಿದರು.

“ಬಾ ತಂಗಿ,” ಎಂದ ರಾಯಪ್ಪ. “ಇಲ್ಲೇ ನಮ್ಮ ಮುಂದ ಬಿಚ್ಚಿ ತೋರಸು. ಇದು ಯಾಕ ಕಾಯತೈತಿ? ಒಳಗ ಏನೈತಿ?”

ಸ್ಕ್ರೂ ತೆಗೆದು ಸಾಲಾಗಿ ಟೇಬಲ್ಲಿನ ಮೇಲಿಟ್ಟೆ. ಮುಚ್ಚಳ ಎತ್ತಿದೆ. ಬಿಸಿಗೆ ನಾತ ಗಪ್ಪನೆ ಎದ್ದಿತು. ಹತ್ತಿರ ಕೂತಿದ್ದವರು ಮೂಗು ಮುಚ್ಚಿಕೊಂಡರು. ಸರ್ ಕೂಡ ಅಂಗೈ ಮೂಗಿಗೆ ಒತ್ತಿದರು. ತಾವೇ ಹೊಯ್ದದ್ದಕ್ಕೆ ತಾವೇ ಮುಖ ಕಿವುಚಿಕೊಂಡು, ಇದನ್ನು ನಾನು ತಂದೆನೇನೋ ಎಂಬಂತೆ ನನ್ನತ್ತ ನೋಡಿದರು. ಧೂಳು ಎನ್ನುವ ಶಬ್ದ ನನ್ನ ಬಾಯಿಂದ ಬರಲಿಲ್ಲ.

“ಇದು ಗೋಮೂತ್ರ ಐತ್ರಿ, ಅರಿಶಿಣ ಕಲಿಸಿದ್ದು,” ಎಂದೆ. “ನಾ ರಿಪೇರಿ ಮಾಡಿ ಕೊಟ್ಟಾಗೆಲ್ಲಾ ಸರ ಮನ್ಯಾಗ ಇದನ್ನ ಹೊಯ್ತಾರ, ನಾ ಮುಟ್ಟೀನಿ ಅಂತ. ಒಳಗ ಹೋಗಿ ಹೆಪ್ಪುಗಟ್ಟಿ ಗಾಳಿ ಹಾದಿ ಕಟ್ಟಕೊಂತೈತಿ. ಗಾಳಿ ಇಲ್ಲಾ ಅಂದ್ರ ಪ್ರೊಸೆಸರ್ ಕಾಯತೈತಿ, ಕಾದು ಕಾದು ಮಶಿನ್ ಬಂದ್ ಬೀಳತೈತಿ. ನನ್ನ ರಿಪೇರಿಯೊಳಗ ಏನೂ ತಪ್ಪಿಲ್ರಿ.”

ಸರ್ ತಲೆ ತಗ್ಗಿಸಿ ತಮ್ಮ ಅಂಗೈಗಳನ್ನು ನೋಡುತ್ತ ಕೂತರು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಇನ್ನೇನು ರಾಯಪ್ಪ ಅವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ, ಇಷ್ಟು ಬಾಯಿ ಇರುವ ಮನುಷ್ಯ ಸುಮ್ಮನಿರುತ್ತಾನೆಯೇ ಎಂದು ಕಾದೆ. ರಾಯಪ್ಪ ಮುಂದೆ ಬಾಗಿ ಬಿಚ್ಚಿದ ಲ್ಯಾಪ್‌ಟಾಪಿನೊಳಗೆ ಇಣುಕಿದ. ಗಡ್ಡ ಕೆರೆದುಕೊಂಡ. ಗಂಭೀರವಾಗಿಯೇ ಕೇಳಿದ.

“ಹಂಗಾರ ತಂಗಿ, ಹಸೀದು ಹಾಕಬಾರದು ಅಂತಾತು. ಒಣಾ ಏನರ ನಡೀತೈತೇನು? ಇಬೂತಿ, ಇಲ್ಲಾ ಊದಿನಕಡ್ಡಿ ಹೊಗಿ? ಲ್ಯಾಬಿನ್ಯಾಗ ಅಷ್ಟೂ ಮಶಿನ್ ನೀ ಮುಟ್ಟಾಕಿ. ಆಮ್ಯಾಲೆ ನಾವು ಏನ ಮಾಡಿದ್ರ ಅವು ಕೆಡೂದಿಲ್ಲ, ಅದನ್ನ ಹೇಳು.”

ಟೇಬಲ್ಲಿನ ಸುತ್ತ ಎಲ್ಲರೂ ನನ್ನ ಕಡೆ ತಿರುಗಿದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಒಳ್ಳೆಯ ಪ್ರಶ್ನೆ ಎಂಬಂತೆ ಒಬ್ಬರು ತಲೆದೂಗಿದರು. ಸರ್ ಕೂಡ ತಲೆ ಎತ್ತಿ, ಉತ್ತರ ಏನಿರಬಹುದೆಂದು ಆಸೆಯಿಂದ ನನ್ನನ್ನು ನೋಡಿದರು. ಎಲ್ಲಕ್ಕಿಂತ ಅಸಹ್ಯವಾದದ್ದೆಂದರೆ, ಉತ್ತರ ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು: ಹೊಗೆಯೂ ಬೇಡ, ಫ್ಯಾನು ಒಳಗೆ ಎಳೆದುಕೊಳ್ಳುತ್ತದೆ, ಒಣ ಬಟ್ಟೆಯಲ್ಲಿ ಮೇಲೆ ಮಾತ್ರ ಒರೆಸಿರಿ. ಹೇಳಿದ್ದರೆ ಲ್ಯಾಬು ನನ್ನದೇ ಆಗುತ್ತಿತ್ತು.

ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಅಂಗಡಿ ಹೋಯಿತು ಎಂದು ಗೊತ್ತಿತ್ತು. ಬಾಗಿಲಿಗೆ ಬಂದಾಗ ಹಿಂದಿನಿಂದ ಸರ್ ದನಿ ಕೇಳಿಸಿತು, ಕೊನೆಯ ಬೆಂಚಿಗೂ ಮುಟ್ಟುವ ಅದೇ ದನಿ. “ಪ್ರಜ್ಞಾ, ಇದನ್ನ ಹಿಂಗ ಬಿಚ್ಚಿ ಒಗದು ಹೋದ್ರ ಹ್ಯಾಂಗ? ಮುಚ್ಚಿಯರ ಕೊಟ್ಟು ಹೋಗವಾ.”

“ಮುಚ್ಚಾಕ ಮುಟ್ಟಬೇಕಾಕ್ಕೈತ್ರಿ ಸರ,” ಎಂದು ಹೇಳಿ ಮೆಟ್ಟಿಲು ಇಳಿದೆ.